ಅರವತ್ತೊಂದನೆಯ ಹೆಸರು

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬುದು ಪಕ್ಷಪಾತಕ್ಕೆ ನಮ್ಮ ಜನ ಇಟ್ಟ ಹೆಸರು. ಎರಡೂ ಕಣ್ಣಿಗೆ ಬೆಣ್ಣೆಯನ್ನೇ ಹಚ್ಚಿದರೆ ನ್ಯಾಯ ಮುಗಿಯಿತು ಎಂದು ಈ ಮಾತು ಹೇಳುವಂತಿದೆ. ಒಂದು ಕಣ್ಣು ಕಾಣದೇ ಇದ್ದರೆ ಏನು ಮಾಡಬೇಕೆಂದು ಮಾತ್ರ ಅದು ಹೇಳುವುದಿಲ್ಲ. ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಶಿಕ್ಷಕರನ್ನು ಹಂಚುವ ಲೆಕ್ಕ ನೋಡಿದಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ.

ಲೆಕ್ಕ ಸರಳವಾಗಿಯೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು. 61ರಿಂದ 90ರವರೆಗೆ ಮೂವರು, 120ರವರೆಗೆ ನಾಲ್ವರು, 200ರವರೆಗೆ ಐವರು. 150 ದಾಟಿದರೆ ಜೊತೆಗೊಬ್ಬ ಮುಖ್ಯ ಶಿಕ್ಷಕರು.

ಈ ಲೆಕ್ಕವನ್ನು ಹಳ್ಳಿಗೆ ಇಳಿಸಿ ನೋಡೋಣ. ನೆಲಮಂಗಲ ತಾಲೂಕಿನ ಒಂದು ಊರನ್ನು ಊಹಿಸಿಕೊಳ್ಳಿ. ಶಿವಗಂಗೆ ಬೆಟ್ಟದ ಕಡೆಗೋ ತ್ಯಾಮಗೊಂಡ್ಲು ಕಡೆಗೋ, ತುಮಕೂರು ಹೆದ್ದಾರಿಯ ಸದ್ದು ಕೇಳದಷ್ಟು ಒಳಗೆ. ಅಲ್ಲಿಯ ಕಿರಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿ 60 ಹೆಸರುಗಳಿವೆ. ಐದು ತರಗತಿಗೆ ಇಬ್ಬರು ಶಿಕ್ಷಕರು. ಒಂದು, ಎರಡು, ಮೂರನೆಯ ತರಗತಿಗಳು ಒಟ್ಟಾಗಿ ನಲಿಕಲಿ ಕೋಣೆಯಲ್ಲಿ. ನಾಲ್ಕು ಮತ್ತು ಐದು ಇನ್ನೊಂದು ಕೋಣೆಯಲ್ಲಿ. ಒಬ್ಬರು ತರಬೇತಿಗೆ ಹೋದ ದಿನ ಎರಡೂ ಕೋಣೆಗಳಿಗೆ ಒಬ್ಬರೇ. ಬಿಸಿಯೂಟದ ಲೆಕ್ಕವೂ ಅವರದೇ. ಇಂಥ ಊರಿನಲ್ಲಿ ಇನ್ನೊಂದು ಹೆಸರು ಸೇರಿದರೆ ಮೂರನೆಯ ಹುದ್ದೆಗೆ ದಾರಿಯಾಗುತ್ತದೆ. ಕೆಲಸ ಅರಸಿ ಬಂದ ಒಂದು ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಆ ದಾರಿ ಮುಚ್ಚುತ್ತದೆ.

ಆ ಅರವತ್ತೊಂದನೆಯ ಮಗು ನಮ್ಮ ಕಥೆಯಲ್ಲಿ ಒಬ್ಬ ಹುಡುಗ. ಹತ್ತು ವರ್ಷ. ನಡೆಯಲಾರ, ಮಾತು ಅಮ್ಮನಿಗೆ ಮಾತ್ರ ಅರ್ಥವಾಗುತ್ತದೆ. ಮುಖ್ಯ ಶಿಕ್ಷಕರು ಅವನ ಹೆಸರು ಬರೆದುಕೊಳ್ಳುತ್ತಾರೆ. ಇದರಲ್ಲಿ ಮೋಸವಿಲ್ಲ, ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಅವನ ಹೆಸರಿನಿಂದ ಶಾಲೆಗೆ ಮೂರನೆಯ ಶಿಕ್ಷಕರು ಬರುತ್ತಾರೆ ಎಂದಿಟ್ಟುಕೊಳ್ಳಿ. ಅವರು ಬಂದದ್ದು ನಾಲ್ಕನೆಯ ತರಗತಿಗೆ. ಹುಡುಗ ಮನೆಯ ಜಗಲಿಯ ಮೇಲೆಯೇ ಇದ್ದಾನೆ.

ಹಾಗೆಂದು ತಲೆ ಎಣಿಸುವ ಪದ್ಧತಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಎಣಿಕೆಗೆ ಮುಖದಾಕ್ಷಿಣ್ಯವಿಲ್ಲ. ಅದನ್ನು ತೆಗೆದುಹಾಕಿ ಅಗತ್ಯ ನೋಡಿ ಹಂಚಿ ಎಂದರೆ, ತಮ್ಮ ಅಗತ್ಯವನ್ನು ಗಟ್ಟಿ ದನಿಯಲ್ಲಿ ಹೇಳಬಲ್ಲವರೇ ಮುಂದೆ ನಿಲ್ಲುತ್ತಾರೆ. ಶಿಫಾರಸು ಪತ್ರಗಳ ಹಾವಳಿ ತಪ್ಪಿಸಲೆಂದೇ ಕರ್ನಾಟಕ 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣಕ್ಕೆ ಕಾಯ್ದೆ ಮಾಡಿತು, 2020ರಲ್ಲಿ ಹೊಸ ಕಾಯ್ದೆ ತಂದಿತು. ಈಗ ಕೌನ್ಸೆಲಿಂಗ್‌ನಲ್ಲಿ ಸೇವಾ ಹಿರಿತನ ನೋಡುತ್ತಾರೆ. ತೀವ್ರ ಕಾಯಿಲೆ ಇರುವವರಿಗೆ, ಅಂಗವಿಕಲ ಶಿಕ್ಷಕರಿಗೆ, ವಿಧವೆಯರಿಗೆ, ಪತಿ ಪತ್ನಿ ಬೇರೆ ಬೇರೆ ಊರಲ್ಲಿ ಇರುವವರಿಗೆ ಆದ್ಯತೆ ಇದೆ. ಇವೆಲ್ಲ ನ್ಯಾಯವಾದ ಬೇಡಿಕೆಗಳೇ. ಆದರೆ ಗಮನಿಸಿ, ಇವೆಲ್ಲವೂ ಶಿಕ್ಷಕರ ಬೇಡಿಕೆಗಳು. ಶಿಕ್ಷಕರು ಶಾಲೆಯನ್ನು ಆರಿಸಿಕೊಳ್ಳುವ ಆ ಕೋಣೆಯಲ್ಲಿ ಮಗುವಿನ ಪರವಾಗಿ ಕೂರುವವರು ಯಾರೂ ಇಲ್ಲ. ಬೆಂಗಳೂರಿನ ಮಗ್ಗುಲಲ್ಲೇ ಇರುವ ತಾಲೂಕಿನಲ್ಲಿ ಹೆದ್ದಾರಿಗೆ ಹತ್ತಿರದ ಶಾಲೆಯನ್ನು ಯಾರು ತಾನೆ ಬಿಟ್ಟಾರು? ಒಳಗಿನ ಊರಿಗೆ ಉಳಿಯುವುದು ಕೊನೆಗೆ ಅತಿಥಿ ಶಿಕ್ಷಕರು, ಇಲ್ಲವೇ ಖಾಲಿ ಕುರ್ಚಿ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಬೇರೆಯೇ ಲೆಕ್ಕ ಬೇಕೆಂಬುದನ್ನು ಕಾನೂನು ನಿಧಾನವಾಗಿ ಒಪ್ಪಿಕೊಂಡಿದೆ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು. 2016ರ ಕಾಯ್ದೆ 21 ಬಗೆಗಳನ್ನು ಹೆಸರಿಸಿತು. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ಎಂಬ ಅಳತೆಯನ್ನು ಹಾಕಿಕೊಟ್ಟಿತು. 2022ರಲ್ಲಿ ಕೇಂದ್ರ ಸರಕಾರ ಅದನ್ನು ಅಧಿಸೂಚನೆಯಾಗಿ ಹೊರಡಿಸಿತು. ಹುದ್ದೆಗಳನ್ನೇ ಗುರುತಿಸಿಲ್ಲವೆಂದು 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಮ್ಮಲ್ಲಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದ ಬಿ.ಐ.ಇ.ಆರ್.ಟಿ.ಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಶಾಲೆಯಿಂದ ಶಾಲೆಗೆ ಓಡಾಡುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಎಂಬ ವ್ಯವಸ್ಥೆಯಿದೆ.

ಹತ್ತಕ್ಕೆ ಒಬ್ಬರು ಎಂಬುದು ಕಾಗದದ ಮೇಲೆ ಉದಾರವಾಗಿ ಕಾಣುತ್ತದೆ. ಆದರೆ ಆ ಹತ್ತು ಮಕ್ಕಳು ಒಂದೇ ಶಾಲೆಯಲ್ಲಿ ಇರುವುದಿಲ್ಲವಲ್ಲ! ಒಬ್ಬಳು ಇಲ್ಲಿ, ಇಬ್ಬರು ಅಲ್ಲಿ, ನಮ್ಮ ಹುಡುಗ ಬಸ್ಸು ತಿರುಗುವ ಕೊನೆಯ ನಿಲ್ದಾಣದಲ್ಲಿ. ಪಟ್ಟಣದಲ್ಲಿ ಪಾಠದ ಗಂಟೆಯಾಗುವ ಹೊತ್ತು ಹಳ್ಳಿಯಲ್ಲಿ ಬಸ್ಸು ಕಾಯುವುದರಲ್ಲಿ ಕಳೆಯುತ್ತದೆ. ಇನ್ನೊಂದು ತೊಡಕೂ ಇದೆ. ವಿಶೇಷ ಶಿಕ್ಷಣದ ತರಬೇತಿ ದೃಷ್ಟಿದೋಷಕ್ಕೆ ಬೇರೆ, ಶ್ರವಣದೋಷಕ್ಕೆ ಬೇರೆ, ಬುದ್ಧಿಮಾಂದ್ಯಕ್ಕೆ ಬೇರೆ. ಬ್ರೈಲ್ ಬಲ್ಲ ಶಿಕ್ಷಕಿ ಕಿವಿ ಕೇಳದ ಮಗುವಿನ ಎದುರು ಏನು ಮಾಡಬೇಕು? ಆ ಮಗುವಿನ ಮನೆಮಾತು ಉರ್ದುವಾಗಿದ್ದು, ಬರುವ ಶಿಕ್ಷಕಿಗೆ ಕನ್ನಡ ಮಾತ್ರ ಗೊತ್ತಿದ್ದರೆ, ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಹೆಣಗುವ ಮಗು ಎರಡು ಭಾಷೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಯಾವ ಅನುಪಾತದಲ್ಲೂ ಜಾಗವಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಈ ಶಿಕ್ಷಕಿಯ ಬಳಿ ವಾರಕ್ಕೆ ಇರುವುದು ಇಷ್ಟೇ ದಿನಗಳು. ಹತ್ತು ಮಕ್ಕಳಿಗೂ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಸಿಗುವುದು ಅಷ್ಟಿಷ್ಟು, ಯಾರಿಗೂ ಸಾಲದು. ಬೇಗ ಕಲಿಯಬಲ್ಲ ನಾಲ್ವರಿಗೆ ಕೊಟ್ಟರೆ ಅವರು ವರ್ಷದೊಳಗೆ ತರಗತಿಯ ಜೊತೆ ಸೇರಿಕೊಂಡಾರು. ವರದಿಯಲ್ಲಿ ಬರೆಯಲು ಫಲವೂ ಕಾಣುತ್ತದೆ. ಜಗಲಿಯ ಹುಡುಗನಿಗೆ ಕೊಟ್ಟರೆ, ವರ್ಷ ಕಳೆದ ಮೇಲೆ ಅವನು ಚಮಚ ಹಿಡಿಯಬಹುದು, ಚಿತ್ರ ತೋರಿಸಿ ನೀರು ಕೇಳಬಹುದು. ಯಾರ ಮನೆಯ ಬಾಗಿಲಿಗೆ ಮೊದಲು ಹೋಗಬೇಕು?

ಅಮರ್ತ್ಯ ಸೇನ್ 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಸಮಾನತೆ ಎನ್ನುವವರಿಗೆ ಕೇಳಿದ್ದು ಒಂದೇ ಪ್ರಶ್ನೆ: ಯಾವುದರ ಸಮಾನತೆ? ಹೆಚ್ಚು ಫಲ ಬರುವಲ್ಲಿಗೆ ಹೆಚ್ಚು ಕೊಡಿ ಎಂಬ ನಿಯಮ ಹಿಡಿದರೆ ಅಂಗವಿಕಲನಿಗೆ ಸಿಗುವುದು ಕಡಿಮೆ. ದೇಹದಿಂದ ಒಮ್ಮೆ ಸೋತವನು ಹಂಚಿಕೆಯಲ್ಲಿ ಇನ್ನೊಮ್ಮೆ ಸೋಲುತ್ತಾನೆ. ಎಲ್ಲರಿಗೂ ಒಂದೇ ಅಳತೆಯ ವಸ್ತು ಕೊಟ್ಟರೂ ಸಾಲದು, ಅದೇ ವಸ್ತು ಒಬ್ಬನ ಕೈಯಲ್ಲಿ ಮಾಡುವ ಕೆಲಸವನ್ನು ಇನ್ನೊಬ್ಬನ ಕೈಯಲ್ಲಿ ಮಾಡದು. ಆ ವಸ್ತುವಿನಿಂದ ಮನುಷ್ಯ ಏನು ಮಾಡಬಲ್ಲ ಎಂಬುದನ್ನು ನೋಡಿ ಎಂದರು ಅವರು.

ಇದಕ್ಕೂ ಬಹಳ ಹಿಂದಿನ ಒಂದು ಪ್ರಸಂಗ ನಮ್ಮ ಅನೇಕ ಓದುಗರಿಗೆ ಗೊತ್ತು. ಪ್ರವಾದಿ ಮುಹಮ್ಮದ್(ಸ) ಮಕ್ಕಾದ ಮುಖಂಡರೊಡನೆ ಮಾತನಾಡುತ್ತಿದ್ದಾಗ ಕಣ್ಣು ಕಾಣದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್ ಕಲಿಯಬೇಕೆಂದು ನಡುವೆ ಬಂದರು. ಆ ಗಳಿಗೆಯ ಲೆಕ್ಕ ತಪ್ಪೇನೂ ಅಲ್ಲ. ಮುಖಂಡರು ಒಪ್ಪಿದರೆ ಇಡೀ ಊರೇ ಒಪ್ಪೀತು. ಇವರೋ ಹೇಗೂ ಆಪ್ತರು, ಆಮೇಲೆ ಹೇಳಿದರಾಯಿತು. ಆದರೂ ಮುಖ ಗಂಟಿಕ್ಕಿ ಅತ್ತ ತಿರುಗಿದ್ದಕ್ಕೆ ಕುರ್‌ಆನಿನ 80ನೆಯ ಅಧ್ಯಾಯ 'ಅಬಸ' ಆಕ್ಷೇಪದಿಂದಲೇ ಆರಂಭವಾಗುತ್ತದೆ. ಆಕ್ಷೇಪ ಇದ್ದದ್ದು ಹೆಚ್ಚು ಫಲದ ಲೆಕ್ಕಕ್ಕಾಗಿ, ಕಲಿಯಲು ತಾನಾಗಿ ಬಂದವನನ್ನು ಕಾಯಿಸಿದ್ದಕ್ಕೆ. ಮುಂದೆ ಅದೇ ಇಬ್ನ್ ಉಮ್ಮು ಮಕ್ತೂಮ್ ಬಿಲಾಲರ ಜೊತೆ ಮದೀನಾದ ಮುಅಝ್ಝಿನ್ ಆದರು. ಪ್ರವಾದಿಯವರು ಊರಿಂದ ಹೊರಗೆ ಹೋದಾಗ ಮದೀನಾದ ಹೊಣೆಯೂ ಕೆಲವೊಮ್ಮೆ ಅವರ ಪಾಲಿಗೆ ಬಂತು.

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಶಿಕ್ಷಕಿ ಮೊದಲು ಜಗಲಿಯ ಹುಡುಗನ ಬಳಿಗೆ ಹೋಗಬೇಕು. ಉಳಿದ ಮಕ್ಕಳಿಗೆ ಆಕೆ ಬಾರದ ದಿನವೂ ತರಗತಿಯಿದೆ, ಗೆಳೆಯರಿದ್ದಾರೆ, ಊಟದ ಸಾಲು ಇದೆ. ಅವನಿಗೆ ಆಕೆ ಬಾರದ ದಿನ ಯಾರೂ ಇಲ್ಲ. ಬೇಗ ಕಲಿಯಬಲ್ಲ ಆ ನಾಲ್ವರಿಗೆ ಇದರಿಂದ ನಷ್ಟವಿಲ್ಲವೇ? ಇದೆ. ಅವರ ತಾಯಂದಿರ ಎದುರು ನಿಂತು ಈ ಮಾತು ಹೇಳುವುದು ಬರೆದಷ್ಟು ಸುಲಭವಲ್ಲ ಎಂಬುದೂ ನನಗೆ ಗೊತ್ತು.

ಆ ನಷ್ಟವನ್ನು ಯಾರು ತುಂಬಬೇಕು ಎಂಬಲ್ಲಿಯೇ ಇಡೀ ವ್ಯವಸ್ಥೆ ಜಾರಿಕೊಳ್ಳುವುದು. ವಿಶೇಷ ಶಿಕ್ಷಕಿ ಬರುತ್ತಾರೆ ಎಂದು ಗೊತ್ತಾದ ದಿನದಿಂದ ಆ ನಾಲ್ವರು ಆಕೆಯ ಮಕ್ಕಳಾಗಿಬಿಡುತ್ತಾರೆ. "ಅವನದು ಆ ಮೇಡಂ ನೋಡ್ಕೋತಾರೆ" ಎಂಬ ಒಂದು ಮಾತಿನಲ್ಲಿ ತರಗತಿಯ ಶಿಕ್ಷಕರು ಬಿಡುಗಡೆ ಪಡೆಯುತ್ತಾರೆ. ನೆರವಿಗೆಂದು ಕಳಿಸಿದ ಕೈ, ಹೊಣೆ ಕಳಚಿಕೊಳ್ಳಲು ನೆಪವಾಗುತ್ತದೆ. ಅವರನ್ನೂ ಬಯ್ಯಲಾರೆ, ಎರಡು ತರಗತಿಗಳನ್ನು ಒಟ್ಟಿಗೆ ಹಿಡಿದಿರುವವರು ಅವರು. ಆದರೆ ಮೂರನೆಯ ಶಿಕ್ಷಕರ ಮಾತು ಬೇರೆ. ಜಗಲಿಯ ಹುಡುಗನ ಹೆಸರಿನ ಮೇಲೆಯೇ ಹುದ್ದೆ ಪಡೆದು ಬಂದವರು ಅವರು. ಅವನ ಋಣ ಅವರ ಮೇಲೆ ಸ್ವಲ್ಪವಾದರೂ ಇಲ್ಲವೇ? ಆ ಮನೆ ಶಾಲೆಯಿಂದ ಕೂಗಳತೆಯಲ್ಲಿದೆ. ವಿಶೇಷ ಶಿಕ್ಷಕಿಯಿಂದ ನಾಲ್ಕು ಸಂಗತಿ ಕೇಳಿ ತಿಳಿದುಕೊಂಡು, ವಾರಕ್ಕೊಂದು ಸಂಜೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಆ ಜಗಲಿಗೆ ಹೋಗಲು ಯಾವ ಆದೇಶವೂ ಬೇಕಿಲ್ಲ.

ಬೆಳಿಗ್ಗೆ ಪ್ರಾರ್ಥನೆ ಮುಗಿದು ಹಾಜರಿ ಕರೆಯುವಾಗ ಅರವತ್ತನೆಯ ಹೆಸರಿಗೆ ಒಂದು ಕೈ ಮೇಲೇಳುತ್ತದೆ. ಮುಂದಿನ ಹೆಸರನ್ನು ಕರೆಯಬೇಕೋ ಬೇಡವೋ ಎಂದು ಮೇಷ್ಟ್ರು ಒಂದು ಕ್ಷಣ ಪೆನ್ನು ಹಿಡಿದು ನಿಲ್ಲುತ್ತಾರೆ. ಅವರು ಕರೆದರೆ, ಅವನ ಓಣಿಯ ಮಗುವೊಂದು ಎದ್ದು, "ಮನೇಲಿದಾನೆ ಸಾರ್" ಎನ್ನುತ್ತದೆ.