ಸಾಣೆಯ ಧರ್ಮ

ಕೆಲಸವನ್ನು ಬಲ್ಲವನು ಮಾಡಿಕೊಡುತ್ತಾನೆ. ಅರಿಯದವನು ಹಣವನ್ನು ಕೊಟ್ಟು ಒಯ್ಯುತ್ತಾನೆ. ಲೋಕವ್ಯವಹಾರದ ಬಹುಭಾಗವು ಈ ರೀತಿಯಲ್ಲಿಯೇ ನಡೆಯುತ್ತಿರುವುದು. ವೈದ್ಯನು ಕೊಟ್ಟ ಮದ್ದನ್ನು ರೋಗಿಯು ಪರೀಕ್ಷಿಸಲಾರನು. ಅಕ್ಕಸಾಲಿಗನ ಬೆಸುಗೆಯಲ್ಲಿ ಏನು ಬೆರೆತಿದೆಯೆಂಬುದನ್ನು ಒಡವೆ ತೊಡುವವಳು ಕಾಣಲಾರಳು. ಗೋಡೆಯೊಳಗಣ ಗಾರೆಯ ಹದವನ್ನು ಮನೆಯ ಯಜಮಾನನು ತಿಳಿಯಲಾರನು. ಹೀಗಿರಲು, ಒಪ್ಪಿಸಿಕೊಳ್ಳುವವನಿಂದ ಅಳೆಯಲಾಗದ ಕೆಲಸದಲ್ಲಿ ಸರಿ ತಪ್ಪುಗಳಿಗೆ ಪ್ರಮಾಣವು ಯಾವುದು? ಅಲ್ಲಿ ತಪ್ಪು ನಡೆದರೆ ಅದರ ಭಾರವನ್ನು ಹೊರತಕ್ಕವರು ಯಾರು? ಈ ಪ್ರಶ್ನೆಯು ನನ್ನನ್ನು ಕಾಡಿದ್ದು ಯಾವ ಶಾಸ್ತ್ರಗ್ರಂಥದ ಮುಂದೆಯೂ ಅಲ್ಲ; ಕೆನಡಾ ದೇಶದ ಟೊರೊಂಟೊ ನಗರದ ಸಮೀಪದಲ್ಲಿ, ಮಂಜುಗಡ್ಡೆಯ ಆಟದ ಅಂಗಳವೊಂದರ ಬೆಂಚಿನ ಮೇಲೆ, ಮೊಮ್ಮಗಳ ಪಾದರಕ್ಷೆಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದಾಗ.

ಮಗನ ಮನೆಯಲ್ಲಿ ಕೆಲವು ತಿಂಗಳಿರಬೇಕೆಂದು ನಾನು ಅಲ್ಲಿಗೆ ಹೋಗಿದ್ದೆನು. ಆ ದೇಶದಲ್ಲಿ ಚಳಿಗಾಲವೆಂದರೆ ಹಾಕಿಯ ಕಾಲ. ಅದು ನಮ್ಮಲ್ಲಿ ಬಯಲಿನಲ್ಲಿ ಆಡುವ ಹಾಕಿಯಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೆ, ಅಡಿಯಲ್ಲಿ ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು, ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟುತ್ತ ಆಡುವ ಆಟ. ೧೮೭೫ನೆಯ ಇಸವಿ ಮಾರ್ಚಿ ೩ರಂದು ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ರಿಂಕಿನಲ್ಲಿ, ಚಾವಣಿಯ ಕೆಳಗೆ ಅದರ ಮೊದಲನೆಯ ವ್ಯವಸ್ಥಿತ ಪಂದ್ಯವು ನಡೆಯಿತೆಂದು ಎಣಿಸುವರು. ೧೯೯೪ರಲ್ಲಿ ಆ ದೇಶದ ಸಂಸತ್ತು ಕಾನೂನಿನ ಮೂಲಕ ಅದನ್ನು ಚಳಿಗಾಲದ ರಾಷ್ಟ್ರೀಯ ಕ್ರೀಡೆಯೆಂದು ಸಾರಿತು. ಅಲ್ಲಿ ಹುಟ್ಟಿ ಬೆಳೆದ ನನ್ನ ಮೊಮ್ಮಗಳಿಗೂ ಅದೇ ಆಟದ ಹುಚ್ಚು.

ಆ ಅಲಗಿನ ಪಾದರಕ್ಷೆಗೆ ಸ್ಕೇಟು ಎಂದು ಹೆಸರು. ಪೂರ್ವಕಾಲದಲ್ಲಿ ಯೂರೋಪು ಖಂಡದ ಉತ್ತರಭಾಗದ ಜನರು ಪ್ರಾಣಿಗಳ ಕಾಲೆಲುಬನ್ನು ಪಾದಕ್ಕೆ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಲಂಡನ್ ಪಟ್ಟಣದ ವರ್ಣನೆಯನ್ನು ಬರೆದ ವಿಲಿಯಂ ಫಿಟ್ಸ್‌ಸ್ಟೀಫನ್ ಎಂಬಾತನು, ಅಲ್ಲಿಯ ತರುಣರು ಹೀಗೆ ಎಲುಬನ್ನು ಕಟ್ಟಿ, ಮೊನೆಯುಳ್ಳ ಕೋಲಿನಿಂದ ನೆಲವನ್ನು ಒತ್ತಿ ನೂಕಿಕೊಂಡು ಹೋಗುತ್ತಿದ್ದುದನ್ನು ಹೇಳಿದ್ದಾನೆ. ಎಲುಬಿಗೆ ಧಾರೆಯಿಲ್ಲ; ಆದಕಾರಣ ನೂಕುವ ಕೋಲು ಬೇಕಾಯಿತು. ಲೋಹದ ಅಲಗು ಬಂದ ಮೇಲೆ ಆ ಕೋಲು ಬೇಡವಾಯಿತು. ಧಾರೆಯು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವುದರಿಂದ ಮನುಷ್ಯನು ತನ್ನ ಕಾಲಿನಿಂದಲೇ ತನ್ನನ್ನು ತಳ್ಳಿಕೊಳ್ಳಬಲ್ಲವನಾದನು. ಬೇಕೆಂದಲ್ಲಿ ತಿರುಗಬಲ್ಲವನೂ ನಿಲ್ಲಬಲ್ಲವನೂ ಆದನು. ಆಟಗಾರನ ಸ್ವಾತಂತ್ರ್ಯವೆಲ್ಲವೂ ಆ ಧಾರೆಯಲ್ಲಿ ನಿಂತಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಧಾರೆಯೆಂದೊಡನೆ ವಾಚಕರಿಗೆ ಕುಡುಗೋಲು ಈಳಿಗೆಗಳು ನೆನಪಾಗಬಹುದು. ಇದು ಅಂಥದಲ್ಲ. ಈ ಅಲಗು ಸುಮಾರು ೩ ಮಿಲಿಮೀಟರು ದಪ್ಪವಾಗಿರುವುದು. ಅದರ ಅಡಿಯ ಮುಖದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂತೆ ಒಂದು ತೋಡು ಇರುವುದು. ಆ ತೋಡಿನ ಎರಡು ದಂಡೆಗಳೇ ಎರಡು ಧಾರೆಗಳು. ಒಂದು ಪಾದದ ಒಳಮಗ್ಗುಲಿಗೆ, ಇನ್ನೊಂದು ಹೊರಮಗ್ಗುಲಿಗೆ. ಸಾಣೆಚಕ್ರದ ಅಂಚನ್ನು ವಜ್ರದ ಮೊನೆಯಿಂದ ದುಂಡಾಗಿ ತಿದ್ದಿ, ಆ ದುಂಡನ್ನು ಅಲಗಿನಲ್ಲಿ ಮೂಡಿಸುವರು. ದುಂಡಿನ ತ್ರಿಜ್ಯವನ್ನು ಅಂಗುಲದಲ್ಲಿ ಎಣಿಸುವ ರೂಢಿಯುಂಟು. ಅರ್ಧ ಅಂಗುಲವು ಸಾಮಾನ್ಯವಾದುದು. ತ್ರಿಜ್ಯವು ೩/೮ ಅಂಗುಲಕ್ಕೆ ಇಳಿದರೆ ತೋಡು ಆಳವಾಗಿ ಹಿಡಿತವು ಹೆಚ್ಚುವುದು. ೩/೪ ಅಂಗುಲಕ್ಕೆ ಏರಿದರೆ ತೋಡು ತೆಳುವಾಗಿ ಓಟವು ಸಲೀಸಾಗುವುದು. ಹಿಡಿತವನ್ನೂ ಓಟವನ್ನೂ ಏಕಕಾಲದಲ್ಲಿ ಪೂರ್ಣವಾಗಿ ಕೊಡುವ ಸಾಣೆಯು ಇಲ್ಲ. ಆದುದರಿಂದ ತೊಡುವವರ ಮೈಭಾರವೆಷ್ಟು, ಅಭ್ಯಾಸವೆಷ್ಟು ಎಂಬುದನ್ನು ಕೇಳದೆ ಸಾಣೆ ಹಿಡಿಯುವುದು ನಾಡಿಯನ್ನು ನೋಡದೆ ಮದ್ದನ್ನು ಅರೆದಂತೆ.

ಇದಲ್ಲದೆ ಸಾಣೆಗಾರನು ಪಾಲಿಸತಕ್ಕ ನಿಯಮಗಳು ಬೇರೆ ಕೆಲವುಂಟು. ಎರಡು ಧಾರೆಗಳೂ ಸಮಮಟ್ಟದಲ್ಲಿರಬೇಕು. ಚಕ್ರವು ಅಲಗಿನ ನಡುಮಧ್ಯಕ್ಕೆ ಕೂರದೆ ಕೂದಲೆಳೆಯಷ್ಟು ಸರಿದರೂ ಒಂದು ದಂಡೆ ಎತ್ತರವಾಗಿ ಇನ್ನೊಂದು ತಗ್ಗುವುದು. ಅಲಗು ಉದ್ದಕ್ಕೆ ನೇರವಾಗಿರದೆ ತೊಟ್ಟಿಲ ಕಾಲಿನಂತೆ ಸ್ವಲ್ಪ ಬಾಗಿರುವುದು. ಸುಮಾರು ೯ರಿಂದ ೧೧ ಅಡಿ ತ್ರಿಜ್ಯದ ಆ ಬಾಗನ್ನು ಕೆಡಿಸಬಾರದು. ಅವಸರದಿಂದ ಒತ್ತಿ ಹಿಡಿದು ಉಕ್ಕನ್ನು ಸುಡಬಾರದು. ಸುಟ್ಟ ಉಕ್ಕು ನೀಲಿಯಾಗಿ ಹದಗೆಟ್ಟು ಧಾರೆಯನ್ನು ಬೇಗನೆ ಕಳೆದುಕೊಳ್ಳುವುದು. ಕೊನೆಯಲ್ಲಿ ಅಂಚಿನ ಮೇಲೆ ಉಳಿಯುವ ನವುರಾದ ಉಕ್ಕಿನ ಸಿವುರನ್ನು ಕೈಸಾಣೆಕಲ್ಲಿನಿಂದ ತೆಗೆಯಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಹೊರಗಿನ ನೋಟಕ್ಕೆ ಅಲಗು ಫಳಫಳನೆ ಹೊಳೆಯುತ್ತಲೇ ಇರುವುದು. ಹೊಳಪನ್ನು ಕಂಡು ತಂದೆತಾಯಂದಿರು ತೃಪ್ತರಾಗಿ ಹಣವನ್ನು ಕೊಟ್ಟು ಬರುವರು. ನಾವೂ ಹಾಗೆಯೇ ಬಂದೆವು.

ಹೊಸ ಸಾಣೆಯಾದ ಮರುದಿನ ಮೊಮ್ಮಗಳು ಎಡಕ್ಕೆ ತಿರುಗುವಾಗಲೆಲ್ಲ ಜಾರಿ ಬಿದ್ದಳು. ಬಲಕ್ಕೆ ತಿರುಗಿದರೆ ಏನೂ ಇಲ್ಲ. ಎಡಕ್ಕೆ ತಿರುಗಿದರೆ ಬೀಳುವುದು. ಆಟ ಕಲಿಸುವವರು ಅಭ್ಯಾಸವು ಸಾಲದೆಂದರು. ಮಗನು, ಭಯದಿಂದ ಮೈಯನ್ನು ಬಿಗಿಹಿಡಿಯುತ್ತಾಳೆಂದನು. ಆಟವನ್ನೇ ಅರಿಯದ ನಾನು ಕೂಡ ಸುಮ್ಮನಿರದೆ, "ಮನಸ್ಸು ಎಲ್ಲೋ ಇಟ್ಟು ಆಡಿದರೆ ಹೀಗೇ ಆಗುತ್ತದೆ, ಮಗೂ" ಎಂದು ಹಿರಿಯತನದ ಮಾತನ್ನಾಡಿದೆನು. ಹುಡುಗಿ ಎದುರಾಡಲಿಲ್ಲ. ಎರಡು ವಾರಗಳ ಕಾಲ ಎಲ್ಲರಿಗಿಂತ ಮೊದಲು ಅಂಗಳಕ್ಕಿಳಿದು, ಎಡದ ತಿರುವನ್ನೇ ಮಾಡಿ ಮಾಡಿ ಬಿದ್ದಳು. ಒಂದು ಸಂಜೆ ನನ್ನ ಪಕ್ಕದಲ್ಲಿ ಕುಳಿತು, "ಅಜ್ಜಾ, ನನ್ನ ಕೈಲಿ ಆಗುವುದಿಲ್ಲ, ನಾನು ಇದಕ್ಕೆ ತಕ್ಕವಳಲ್ಲ" ಎಂದಳು. ಹತ್ತು ವರುಷದ ಮಗುವಿನ ಬಾಯಿಂದ ಆ ಮಾತು ಬಂದಾಗ ಅದರಲ್ಲಿ ಅಳು ಇರಲಿಲ್ಲ, ತೀರ್ಮಾನವಿತ್ತು.

ಅಂಗಳದಲ್ಲಿ ಮೊಮ್ಮಗನನ್ನು ಆಡಿಸಲು ಬರುತ್ತಿದ್ದ ಮುದುಕರೊಬ್ಬರಿದ್ದರು. ಹಿಂದೆ ಬಹುಕಾಲ ಸಾಣೆಯ ಕೆಲಸವನ್ನು ಮಾಡಿದವರು. ಹುಡುಗಿ ಒಂದೇ ಮಗ್ಗುಲಿಗೆ ಬೀಳುವುದನ್ನು ಕಂಡು ಸ್ಕೇಟನ್ನು ಕೇಳಿದರು. ಅದನ್ನು ತಲೆಕೆಳಗಾಗಿ ಹಿಡಿದು, ಕಿಸೆಯಿಂದ ನಾಣ್ಯವೊಂದನ್ನು ತೆಗೆದು ಅಲಗಿನ ಮೇಲೆ ಅಡ್ಡಲಾಗಿ ಇಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ನನಗೆ ತೋರಿಸಿದರು. ನಾಣ್ಯವು ಸಮನಾಗಿ ಕೂರದೆ ಒಂದು ಕಡೆಗೆ ವಾಲಿತ್ತು. ಇನ್ನೊಂದು ಕಾಲಿನದನ್ನು ನೋಡಿದರೆ ಅದೂ ಅದೇ ಕಡೆಗೆ ವಾಲಿತ್ತು. ಎರಡನ್ನೂ ಒಂದೇ ದಿಕ್ಕಿಗೆ ಮಲಗಿಸಿ, ನಡುಮಧ್ಯಕ್ಕೆ ಕೂರದ ಚಕ್ರಕ್ಕೆ ಒಡ್ಡಿದುದರಿಂದ ಎರಡರಲ್ಲಿಯೂ ಎಡಗಡೆಯ ಧಾರೆಯೇ ತಗ್ಗಾಗಿತ್ತು. ಎಡಕ್ಕೆ ತಿರುಗುವಾಗ ಮೈಭಾರವೆಲ್ಲ ಆ ಎಡಧಾರೆಗಳ ಮೇಲೆಯೇ ಬೀಳುವುದರಿಂದ ಹಿಡಿತಕ್ಕೆ ಅಲ್ಲಿ ಏನೂ ಇರಲಿಲ್ಲ. ಅವರು ತಮ್ಮ ಮನೆಯ ಸಾಣೆಯಲ್ಲಿ ಅದನ್ನು ತಿದ್ದಿ, ಉಗುರನ್ನು ಧಾರೆಗೆ ಅಡ್ಡಲಾಗಿ ಎಳೆದು ಪರೀಕ್ಷಿಸಿ, ಮರುದಿನ ತಂದುಕೊಟ್ಟರು. ಆ ದಿನ ಹುಡುಗಿ ಎಡಕ್ಕೆ ತಿರುಗಿದಳು, ಬೀಳಲಿಲ್ಲ.

ನಮ್ಮ ಊರುಗಳಲ್ಲಿ ಸಾಣೆಯ ಚಕ್ರವನ್ನು ಹೆಗಲಿಗೇರಿಸಿ ಓಣಿ ಓಣಿ ತಿರುಗುವವರನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಕಾಲಿನಿಂದ ಚಕ್ರವನ್ನು ತುಳಿಯುತ್ತ, ಕಿಡಿ ಹಾರಿಸುತ್ತ, ಕತ್ತಿ ಕತ್ತರಿಗಳಿಗೆ ಸಾಣೆ ಹಿಡಿದು ಕೊಡುವರು. ಸಾಣೆ ಸರಿಯಾಗಲಿಲ್ಲವೆಂದರೆ ಮನೆಯೊಡತಿಯು ಅಲ್ಲಿಯೇ ಒಂದು ಬದನೆಕಾಯಿಯನ್ನು ಹೆಚ್ಚಿ ನೋಡಿ, "ಇನ್ನೊಮ್ಮೆ ಹಿಡಿಯಪ್ಪ" ಎಂದು ಹಿಂದಕ್ಕೆ ಕೊಡುವಳು. ಮೊಂಡುಕತ್ತಿಯು ತನ್ನ ಮೊಂಡುತನವನ್ನು ತಾನೇ ಸಾರುವುದು. ಕಾಯಿ ಹೆಚ್ಚಲಾಗದಿದ್ದಾಗ ಯಾರೂ ತನ್ನ ಕೈಯನ್ನು ಬೈದುಕೊಳ್ಳುವುದಿಲ್ಲ. ಸ್ಕೇಟಿನ ವಿಚಾರವು ಹಾಗಲ್ಲ. ಅದರ ದೋಷವು ತಾನು ಮರೆಯಲ್ಲಿದ್ದು, ತೊಟ್ಟವರ ಮೇಲೆ ಅಪವಾದವನ್ನು ಹೊರಿಸುವುದು. ಕತ್ತಿಯ ಕೆಟ್ಟ ಸಾಣೆಯು ಕತ್ತಿಯನ್ನು ಬೀಳುಗಳೆಯುವುದು. ಸ್ಕೇಟಿನ ಕೆಟ್ಟ ಸಾಣೆಯು ಮನುಷ್ಯನನ್ನು ಬೀಳುಗಳೆಯುವುದು. ಬಿದ್ದವರಿಗೆ ಮೈಗೆ ಆಗುವ ನೋವು ಸಣ್ಣದು. ತಾನು ಅಯೋಗ್ಯನೆಂಬ ನಂಬಿಕೆಯು ಒಮ್ಮೆ ಹುಟ್ಟಿದರೆ, ಅಲಗನ್ನು ತಿದ್ದಿದಷ್ಟು ಸುಲಭವಾಗಿ ಅದನ್ನು ತಿದ್ದಲಾಗದು. ಒಂದು ವೃತ್ತಿಯಲ್ಲಿ ನಡೆಯುವ ಅಜಾಗರೂಕತೆಯ ಗುರುತ್ವವನ್ನು ಅದಕ್ಕೆ ಕೊಟ್ಟ ಹಣದಿಂದ ಅಳೆಯಬಾರದೆಂಬುದು ಇದರಿಂದ ವ್ಯಕ್ತವಾಗುವುದು. ಕೂಲಿ ಅಲ್ಪವೇ, ಆದರೆ ಆ ಕೆಲಸಕ್ಕೆ ಒಪ್ಪಿಸಲ್ಪಟ್ಟುದು ಅಲ್ಪವಲ್ಲ.

ಇಲ್ಲಿ ಯಾರಾದರೂ ಆಕ್ಷೇಪಿಸಬಹುದು: "ಆ ಸಾಣೆಗಾರನು ಮೋಸಗಾರನಲ್ಲ. ಚಕ್ರವು ಸರಿದಿದ್ದುದು ಅವನಿಗೆ ತಿಳಿಯದು. ತಿಳಿಯದೆ ನಡೆದುದಕ್ಕೆ ದೋಷವೆಲ್ಲಿಯದು?" ಆಕ್ಷೇಪವು ಉಪೇಕ್ಷಿಸತಕ್ಕದ್ದಲ್ಲ. ಅವನು ಬುದ್ಧಿಪೂರ್ವಕವಾಗಿ ಕೆಡುಕನ್ನು ಮಾಡಲಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ತಿಳಿಯದಿರುವುದರಲ್ಲಿ ಎರಡು ಬಗೆಯುಂಟು. ತಿಳಿಯಲು ದಾರಿಯೇ ಇಲ್ಲದೆ ತಿಳಿಯದಿರುವುದು ಒಂದು. ದಾರಿ ಕೈಯಳವಿನಲ್ಲಿದ್ದರೂ ನೋಡದೆ ತಿಳಿಯದಿರುವುದು ಇನ್ನೊಂದು. ಮೊದಲನೆಯದಕ್ಕೆ ಕ್ಷಮೆಯುಂಟು. ನಾಣ್ಯವೊಂದನ್ನು ಅಲಗಿನ ಮೇಲೆ ಇಟ್ಟು ನೋಡಲು ಅರೆನಿಮಿಷವು ಸಾಕು. ಗಿರಾಕಿಯು ನೋಡಲಾರನೆಂಬುದೇ ಸಾಣೆಗಾರನು ನೋಡಬೇಕೆಂಬುದಕ್ಕೆ ಕಾರಣ. ನೋಡುವ ಶಕ್ತಿಯು ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಇರುವಾಗ, ಇಬ್ಬರ ಪಾಲಿನ ನೋಟವನ್ನೂ ಅವನೇ ನೋಡತಕ್ಕದ್ದು. ಯಾವನು ತಾನು ಬಲ್ಲೆನೆಂದು ಅಂಗಡಿಯನ್ನು ತೆರೆಯುವನೋ ಅವನು ಆ ಹೊಣೆಯನ್ನೂ ಅದರೊಡನೆ ತೆರೆದಂತೆಯೇ.

ಇನ್ನೊಂದು ಪಕ್ಷವೂ ಇದೆ: ತೊಡುವವರೇ ಕಲಿತುಕೊಳ್ಳಲಿ, ನಂಬುವುದೇಕೆ ಎಂಬುದು. ಈಚೆಗೆ ಮನೆಯಲ್ಲಿಯೇ ಇಟ್ಟುಕೊಳ್ಳಬಹುದಾದ ಸಾಣೆಯಂತ್ರಗಳು ಬಂದಿವೆ. ಅಲಗನ್ನು ಬಿಗಿದು ಗುಂಡಿಯನ್ನು ಒತ್ತಿದರೆ ಚಕ್ರವು ತಾನಾಗಿ ಓಡಾಡುವುದು. ಆದರೆ ಅಲ್ಲಿಯೂ ಚಕ್ರವು ಮಧ್ಯಕ್ಕೆ ಕೂತಿದೆಯೇ ಎಂದು ಒಬ್ಬರು ನೋಡಿಯೇ ತೀರಬೇಕು. ಯಂತ್ರವು ಕೈಯನ್ನು ಬಿಡಿಸಬಹುದಲ್ಲದೆ ಕಣ್ಣನ್ನು ಬಿಡಿಸಲಾರದು. ತೊಡುವವರು ಪರೀಕ್ಷಿಸಲು ಕಲಿಯಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಅವಿಶ್ವಾಸದ ಕಾರಣದಿಂದಲ್ಲ. ಒಳ್ಳೆಯ ಕೆಲಸವನ್ನು ಒಳ್ಳೆಯದೆಂದು ಗುರುತಿಸುವವರು ಇಲ್ಲದಿದ್ದರೆ ಒಳ್ಳೆಯ ಸಾಣೆಗಾರನಿಗೂ ಕೆಟ್ಟವನಿಗೂ ಒಂದೇ ಬೆಲೆಯಾಗುವುದೆಂಬ ಕಾರಣದಿಂದ. ಆದರೆ ಗಿರಾಕಿಯ ಅಜ್ಞಾನವು ಕೆಲಸಗಾರನ ಹೊಣೆಯನ್ನು ಇಳಿಸುವುದೆಂಬ ವಾದವನ್ನು ಮಾತ್ರ ಒಪ್ಪಲಾಗದು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಕನ್ನಡಿಗರು ಬಲ್ಲರು. ನೆಲದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಬೇಕಾದುದಕ್ಕಿಂತ ಮಿಗಿಲಾದುದು ತಮ್ಮದಲ್ಲವೆಂದು ಹೆಂಡತಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳು. ಸಾಣೆಗೂ ಇದು ಸಲ್ಲುವ ಮಾತು. ಚಕ್ರವು ಒಂದೊಂದು ಸಲ ಸವರಿದಾಗಲೂ ಅಲಗಿನ ಉಕ್ಕು ಸ್ವಲ್ಪ ಸವೆದು ಹೋಗುವುದು; ಹೋದುದು ಮತ್ತೆ ಬಾರದು. ಬೇಕಾದಷ್ಟೇ ತೆಗೆದು ನಿಲ್ಲಿಸುವುದು ಒಳ್ಳೆಯ ಸಾಣೆಗಾರನ ಲಕ್ಷಣ. ಅವಸರದವನು ಹೆಚ್ಚಾಗಿ ಸವೆಸಿ ಅಲಗಿನ ಆಯುಸ್ಸನ್ನು ಕಳೆಯುವನು; ಅದನ್ನು ಹಿಂದಕ್ಕೆ ಕಳುಹಿಸುವಂತೆ ಮಾಡಲು ಅಲ್ಲಿ ಲಕ್ಕಮ್ಮನು ಇಲ್ಲ. ಆ ಮುದುಕರು ನಮ್ಮ ಅಲಗನ್ನು ತಿದ್ದುವಾಗ ಮತ್ತೆ ಮತ್ತೆ ಚಕ್ರವನ್ನು ನಿಲ್ಲಿಸಿ ನಾಣ್ಯವನ್ನು ಇಟ್ಟು ನೋಡುತ್ತಿದ್ದರೆಂದು ಮಗನು ಹೇಳಿದನು. ಲಕ್ಕಮ್ಮನು ಅವರ ಕೈಯಲ್ಲಿಯೇ ಇದ್ದಳೆಂದು ನನಗೆ ತೋರಿತು.

ಸಾಣೆಗಾರನ ಧರ್ಮವನ್ನು ಇಷ್ಟು ಹೇಳಿದ ಮೇಲೆ ನನ್ನದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅಂಗಡಿಯವನು ಅಲಗನ್ನು ನೋಡದೆ ಕೊಟ್ಟನು. ನಾನು ಅಲಗನ್ನು ನೋಡದೆ ಮಗುವನ್ನು ದೂರಿದೆನು. ಒಂದೇ ಕಡೆಗೆ ಬೀಳುವವಳು ಅಜಾಗರೂಕಳಾಗಿರಲಾರಳು. ಅಜಾಗರೂಕತೆಗೆ ಎಡಬಲವೆಂಬ ಭೇದವಿಲ್ಲ. ಅಷ್ಟನ್ನು ವಿಚಾರಿಸಲು ಸಾಣೆಯ ಜ್ಞಾನವು ಬೇಕಿರಲಿಲ್ಲ. ಕಾಣದ ದೋಷಕ್ಕೆ ಕಾಣುವ ಮನುಷ್ಯನನ್ನು ಹೊಣೆಮಾಡುವುದು ಸುಲಭವಾದ ದಾರಿ. ನಾನೂ ಅದನ್ನೇ ಹಿಡಿದಿದ್ದೆನು. ಪಾಠವು ಹತ್ತದ ಹುಡುಗನನ್ನು ದಡ್ಡನೆನ್ನುವಾಗ, ಕೆಲಸವು ಸಾಗದ ಆಳನ್ನು ಸೋಮಾರಿಯೆನ್ನುವಾಗ, ಅವರ ಕಾಲಿಗೆ ನಾವು ಕಟ್ಟಿಕೊಟ್ಟ ಅಲಗು ಎಂಥದೆಂದು ಎಷ್ಟು ಸಲ ತಿರುಗಿಸಿ ನೋಡಿದ್ದೇವೆ?

ಮುದುಕರು ಸ್ಕೇಟನ್ನು ತಂದುಕೊಟ್ಟ ಆ ಸಂಜೆ ನಾನು ಮೊಮ್ಮಗಳೊಡನೆ, "ತಪ್ಪು ನಿನ್ನದಲ್ಲ, ಅಲಗಿನದು, ನಿನ್ನನ್ನು ಅಂದದ್ದು ನನ್ನ ತಪ್ಪು" ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮುದುಕರು ಇಟ್ಟ ನಾಣ್ಯದಂಥದು ನನ್ನಲ್ಲಿದೆಯೇ ಎಂದು ಕೇಳಿದಳು. ಕಿಸೆಯಲ್ಲಿ ಊರಿನಿಂದ ಬಂದ ಒಂದು ರೂಪಾಯಿಯ ನಾಣ್ಯವಿತ್ತು, ಕೊಟ್ಟೆನು. ಈಗ ಪ್ರತಿಸಲ ಸಾಣೆಯಾದ ಮೇಲೆ ಅವಳು ಅದನ್ನು ಅಲಗಿನ ಮೇಲೆ ಇಟ್ಟು, ಒಂದು ಕಣ್ಣನ್ನು ಮುಚ್ಚಿ ನೋಡಿ, ಸರಿಯಿದ್ದರೆ ಸಾಣೆ ಹಿಡಿದವರಿಗೆ ವಂದನೆ ಹೇಳಿಯೇ ಅಂಗಳಕ್ಕೆ ಇಳಿಯುವಳೆಂದು ಮಗನು ಬರೆದಿದ್ದಾನೆ.