‘ಇಂಥ ಹಾಡಿನ ಧಾಟಿ’

ಸೆಪ್ಟೆಂಬರ್ 8ರ ಸಂಜೆ ಬೆಂಗಳೂರಿನ ಶಿವಾಜಿನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೇಂಟ್ ಮೇರಿ ಬೆಸಿಲಿಕಾದ ತೇರಿನ ದಿನ ಅದು. ಕಾವಿ ಸೀರೆಯುಟ್ಟ ಹೆಂಗಸರು, ಮೇಣದಬತ್ತಿ ಮಾರುವವರು, ರಸೆಲ್ ಮಾರ್ಕೆಟ್ಟಿನ ಕಡೆಯಿಂದ ನುಗ್ಗುವ ಆಟೋಗಳು. ಆ ಗದ್ದಲದಲ್ಲಿ ಕಿವಿಗೊಟ್ಟರೆ ಒಂದೇ ಮಟ್ಟು ಒಮ್ಮೆ ತಮಿಳಿನಲ್ಲಿ, ಮತ್ತೊಮ್ಮೆ ಕನ್ನಡದಲ್ಲಿ ಕೇಳಿಸುತ್ತದೆ. ಮದುವೆಯ ಕಾಲದಲ್ಲಿ ಇದೇ ಬೀದಿಗಳಲ್ಲಿ ದಿಬ್ಬಣದ ಬ್ಯಾಂಡಿನವರು ಹಳೆಯ ಹಿಂದಿ ಹಾಡಿನಿಂದ ಹೊಸ ಕನ್ನಡ ಹಾಡಿಗೆ ಉಸಿರು ತೆಗೆಯದೆ ಜಾರುತ್ತಾರೆ. ಇದು ಯಾರ ಸ್ವತ್ತು ಎಂದು ಯಾರೂ ತಡೆಯುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯೂ ತಡೆಯುವುದಿಲ್ಲ. ಧಾರ್ಮಿಕ ವಿಧಿಗಳಲ್ಲಿ, ಮದುವೆ ಮೆರವಣಿಗೆಯಲ್ಲಿ ನುಡಿಸುವ ಸಂಗೀತಕ್ಕೆ ಅದು ವಿನಾಯಿತಿ ಕೊಟ್ಟಿದೆ.

ಹಾಗಾದರೆ ಬೀದಿಯಲ್ಲಿ ತಪ್ಪಲ್ಲದ್ದು ಸಿನಿಮಾದಲ್ಲಿ ಏಕೆ ತಪ್ಪಾಗುತ್ತದೆ? ಹಣ ಎಂಬುದು ಸುಲಭದ ಉತ್ತರ. ನನಗೆ ಅದು ಸಾಲದು.

ನಮ್ಮ ಹಳೆಯ ಹಾಡಿನ ಪುಸ್ತಕಗಳನ್ನು, ಕಂಪನಿ ನಾಟಕದ ಹಾಡುಗಳ ಕಿರುಹೊತ್ತಿಗೆಗಳನ್ನು ನೋಡಿದವರಿಗೆ ಗೊತ್ತು. ಹಾಡಿನ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ‘ಇಂಥ ಹಾಡಿನ ಧಾಟಿ’ ಎಂದು ಅಚ್ಚಾಗಿರುತ್ತಿತ್ತು. ಮಟ್ಟು ಮರಾಠಿ ರಂಗಭೂಮಿಯಿಂದಲೋ ಪಾರ್ಸಿ ನಾಟಕದಿಂದಲೋ ಬಂದಿರುತ್ತಿತ್ತು. ಆ ಸಾಲು ಹಾಡುವವನಿಗೆ ದಾರಿ ತೋರಿಸುತ್ತಿತ್ತು, ಜೊತೆಗೆ ಋಣವನ್ನೂ ಹೇಳುತ್ತಿತ್ತು. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಇಂಗ್ಲಿಷರ ಬ್ಯಾಂಡು ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ‘ನೋಟ್’ ಎಂಬ ಇಂಗ್ಲಿಷ್ ಪದವೇ ಉಳಿದು ಅವು ನೊಟ್ಟುಸ್ವರಗಳಾದವು. ಮಟ್ಟು ಎಲ್ಲಿಂದ ಬಂತೆಂಬುದು ಹೆಸರಿನಲ್ಲೇ ಇದೆ. 1809ರಿಂದ ಸೈನ್ಯದ ಬ್ಯಾಂಡು ಕೇಳಿದ ನಮ್ಮ ದಂಡು ಪ್ರದೇಶಕ್ಕೆ ಈ ಕೊಡುಕೊಳ್ಳುವಿಕೆ ಹೊಸದೇನಲ್ಲ.

ಈಗ ‘ಕಾಂತಾರ’ಕ್ಕೆ ಬರೋಣ. ಚಿತ್ರ ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ 30ರಂದು. ಅಜನೀಶ್ ಲೋಕನಾಥ್ ಸಂಯೋಜನೆಯ ‘ವರಾಹ ರೂಪಂ’ ನಾಡನ್ನೆಲ್ಲ ಹಿಡಿದು ನಿಲ್ಲಿಸಿತು. ತಿಂಗಳೊಳಗೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಇದು ತಮ್ಮ ‘ನವರಸಂ’ನ ನಕಲು ಎಂದಿತು. ಅನುಮತಿಯಿಲ್ಲದೆ ಹಾಡು ಬಳಸಬಾರದೆಂದು ಕೋಯಿಕ್ಕೋಡ್ ನ್ಯಾಯಾಲಯ ಹೇಳಿತು. ‘ನವರಸಂ’ನ ಹಕ್ಕು ಹೊಂದಿದ್ದ ಮಾತೃಭೂಮಿ ಸಂಸ್ಥೆ ಪಾಲಕ್ಕಾಡಿನಲ್ಲಿ ಬೇರೆ ದಾವೆ ಹೂಡಿತು. ನವೆಂಬರಿನಲ್ಲಿ ಚಿತ್ರ ಒಟಿಟಿಗೆ ಬಂದಾಗ ಹಾಡಿನ ಮಾತು ಅದೇ ಇತ್ತು, ಮಟ್ಟು ಬೇರೆ. ದೈವ ಮೈದುಂಬುವ ಹೊತ್ತಿಗೆ ಸರಿಯಾಗಿ ಏನೋ ಕಳಚಿಬಿದ್ದಂತೆ ಆಗಿತ್ತು. ಆಮೇಲೆ ತಡೆಯಾಜ್ಞೆ ತೆರವಾಗಿ ಮೂಲ ಹಾಡು ಮರಳಿತು. ವಿವಾದ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಆಗ ನಮ್ಮಲ್ಲಿ ಬಹಳ ಜನ ಹೇಳಿದ್ದು ಒಂದೇ ಮಾತು: ರಾಗ ಒಂದೇ ಆದ್ದರಿಂದ ಹಾಗೆ ಕೇಳಿಸುತ್ತದೆ. ರಾಗ ಎಲ್ಲರದು, ನಿಜ. ತೋಡಿ ರಾಗಕ್ಕೆ ಯಾರೂ ಬೇಲಿ ಹಾಕಲಾರರು. ಆದರೆ ಎಲ್ಲಿ ಗಿಟಾರು ಗುಡುಗಬೇಕು, ಎಲ್ಲಿ ದನಿ ತಡೆದು ನಿಲ್ಲಬೇಕು, ಲಯ ಎಲ್ಲಿ ತಿರುಗಬೇಕು ಎಂಬುದನ್ನು ತೋಡಿ ಹೇಳಿಕೊಡುವುದಿಲ್ಲ. ಅದನ್ನು ಒಬ್ಬ ಮನುಷ್ಯ ಕೂತು ಆರಿಸುತ್ತಾನೆ. ಕನ್ನಡದ ಅಭಿಮಾನದಿಂದ ಈ ವ್ಯತ್ಯಾಸವನ್ನು ಮರೆಮಾಡುವುದು ಸರಿಯಲ್ಲ. ‘ಕಿರಿಕ್ ಪಾರ್ಟಿ’ಯ ಹಾಡೊಂದು ‘ಶಾಂತಿ ಕ್ರಾಂತಿ’ಗೆ ಹಂಸಲೇಖ ಮಾಡಿದ ಹಾಡನ್ನು ಹೋಲುತ್ತದೆಂದು ಲಹರಿ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ದಾವೆ ಹೂಡಿತ್ತು. ಅಲ್ಲಿ ಎರಡು ಕಡೆಯೂ ಕನ್ನಡಿಗರೇ. ಅಭಿಮಾನ ಯಾರ ಪಕ್ಷ ವಹಿಸಬೇಕು?

ತೈಕ್ಕುಡಂ ತಂಡದ ದೂರಿನಲ್ಲಿ ನನ್ನನ್ನು ತಟ್ಟಿದ್ದು ಬೇರೆ. ತಮ್ಮ ಹಕ್ಕಿನ ಉಲ್ಲೇಖವೇ ಇಲ್ಲದೆ ಹಾಡನ್ನು ಸ್ವಂತದ್ದೆಂದು ಸಾರಲಾಗುತ್ತಿದೆ ಎಂಬುದು ಅವರ ನೋವು. ಹಾಡು ನಕಲೋ ಅಲ್ಲವೋ ಎಂದು ನಾನು ತೀರ್ಪು ಕೊಡುತ್ತಿಲ್ಲ. ಆದರೆ ಆ ನೋವಿನಲ್ಲಿ ಅವರು ಕೇಳಿದ್ದು ಹಳೆಯ ಪುಸ್ತಕದ ಆ ಸಣ್ಣ ಅಕ್ಷರದ ಸಾಲನ್ನೇ.

ಅದನ್ನು ಇಂದು ಏಕೆ ಯಾರೂ ಬರೆಯುವುದಿಲ್ಲ? ಬರೆದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ಹೆಸರು ಹೇಳಿದವನು ಸಿಕ್ಕಿಬೀಳುತ್ತಾನೆ, ಬಾಯಿ ಮುಚ್ಚಿಕೊಂಡವನು ‘ರಾಗ ಒಂದೇ’ ಎಂದು ವಾದಿಸಬಹುದು. ಪ್ರಾಮಾಣಿಕತೆಗೆ ದಂಡ, ಮೌನಕ್ಕೆ ರಕ್ಷಣೆ. ಈ ವ್ಯವಸ್ಥೆಯ ದೊಡ್ಡ ಕೇಡು ಇದೇ ಎಂದು ನಾನು ತಿಳಿದಿದ್ದೇನೆ. ಎ.ಆರ್. ರೆಹಮಾನ್ ಅವರ ‘ವೀರ ರಾಜ ವೀರ’ ಡಾಗರ್ ಸಹೋದರರ ‘ಶಿವ ಸ್ತುತಿ’ಯಿಂದ ಬಂದದ್ದೆಂಬ ವಿವಾದದಲ್ಲಿ ಚಿತ್ರತಂಡ ಡಾಗರ್ ಪರಂಪರೆಯ ಹೆಸರನ್ನು ಮೊದಲೇ ಹಾಕಿತ್ತು. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ಉಸ್ತಾದರಿಬ್ಬರ ಹೆಸರನ್ನೇ ಹಾಕುವಂತೆಯೂ ಎರಡು ಕೋಟಿ ರೂಪಾಯಿ ಠೇವಣಿ ಇಡುವಂತೆಯೂ ಹೇಳಿತು; ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಮಾಡಿತು. ಪರಂಪರೆ ಎಂದರೆ ಸಾಕೇ, ಮನುಷ್ಯನ ಹೆಸರು ಬೇಕೇ ಎಂಬ ಪ್ರಶ್ನೆ ಅಲ್ಲಿ ಎದ್ದು ನಿಂತಿತು. ಬಾಯಿಂದ ಕಿವಿಗೆ ದಾಟಿದ ಸಂಗೀತಕ್ಕೆ ಇದು ಕಷ್ಟದ ಪ್ರಶ್ನೆ. 1994ರ ತಿದ್ದುಪಡಿಯವರೆಗೆ ನಮ್ಮ ಕಾಯ್ದೆ ಸಂಗೀತ ಕೃತಿ ಎಂದರೆ ಬರೆದಿಟ್ಟದ್ದು ಎಂದೇ ತಿಳಿದಿತ್ತು.

ಬೇಲಿ ಬಿಗಿಮಾಡುವುದೂ ಪರಿಹಾರವಲ್ಲ. ಅಮೆರಿಕದಲ್ಲಿ 2015ರಲ್ಲಿ ‘ಬ್ಲರ್ಡ್ ಲೈನ್ಸ್’ ಹಾಡಿನವರು ಮಾರ್ವಿನ್ ಗೇ ಹಾಡನ್ನು ನಕಲು ಮಾಡಿದರೆಂದು ಜ್ಯೂರಿ ಹೇಳಿದಾಗ, ಹಾಡೊಂದರ ಹದಕ್ಕೇ ಒಡೆತನ ಕೊಟ್ಟಂತಾಯಿತೆಂದು ಸಂಗೀತಗಾರರು ಬೆದರಿದರು. ಹದ ಯಾರದೂ ಅಲ್ಲ. ಅದಕ್ಕೂ ಬಾಡಿಗೆ ಕೇಳಿದರೆ ಕೈಗೆ ಹಾರ್ಮೋನಿಯಂ ತೆಗೆದುಕೊಳ್ಳುವ ಹುಡುಗಿ ಮೊದಲು ವಕೀಲರನ್ನು ಹುಡುಕಬೇಕಾಗುತ್ತದೆ.

ದಾರಿಯ ಒಂದು ತುದಿ ನಮ್ಮ ಕಾಯ್ದೆಯಲ್ಲೇ ಇದೆ. ಹಾಡಿನ ಧ್ವನಿಮುದ್ರಿಕೆ ಬಂದು ಐದು ವರ್ಷ ಕಳೆದ ಮೇಲೆ, ನೋಟಿಸು ಕೊಟ್ಟು, ಗೊತ್ತುಮಾಡಿದ ರಾಯಲ್ಟಿ ಕಟ್ಟಿ, ಅದನ್ನು ಹೊಸದಾಗಿ ಹಾಡಿ ಮುದ್ರಿಸಲು 2012ರ ತಿದ್ದುಪಡಿ ಅವಕಾಶ ಕೊಡುತ್ತದೆ. ಇಡೀ ಹಾಡಿಗೆ ಸಲ್ಲುವ ಈ ಏರ್ಪಾಡನ್ನು ಮಟ್ಟು ಎತ್ತಿಕೊಂಡು ಬೇರೆ ಮಾತು ಕೂಡಿಸುವವರಿಗೂ ವಿಸ್ತರಿಸಬೇಕು. ಹೆಸರು ಹೇಳಿ, ಪಾಲು ಕೊಟ್ಟವರ ಮೇಲೆ ಮೊಕದ್ದಮೆ ನಿಲ್ಲದಂತೆ ಆಗಬೇಕು. ಆ ಪಾಲು ಹಕ್ಕು ಕೊಂಡ ಕಂಪನಿಯ ಪೆಟ್ಟಿಗೆಯಲ್ಲೇ ನಿಲ್ಲದೆ ಮಟ್ಟು ಕಟ್ಟಿದವರ ಮನೆಗೂ ಮುಟ್ಟಬೇಕು.

ಕಾಯ್ದೆ ಬದಲಾಗುವುದಕ್ಕೆ ಕಾಯಬೇಡಿ ಎಂದು ನಮ್ಮ ಸಂಗೀತ ನಿರ್ದೇಶಕರಲ್ಲಿ ಕೇಳಿಕೊಳ್ಳುತ್ತೇನೆ. ಒಂದು ಮಟ್ಟು ನಿಮ್ಮನ್ನು ಕಾಡಿದ್ದರೆ, ಅದನ್ನು ಕಟ್ಟಿದವರಿಗೆ ಮೊದಲು ಫೋನು ಮಾಡಿ, ಒಪ್ಪಿಗೆ ಪಡೆಯಿರಿ. ಆಮೇಲೆ ತೆರೆಯ ಮೇಲೆ, ನಿಮ್ಮ ಹೆಸರಿನ ಕೆಳಗೇ, ಅವರ ಹೆಸರನ್ನೂ ಹಾಕಿ.