ಕಾಕಾನ ಪರವಾಗಿ, ಸಿದ್ಧಾರೂಢಜ್ಜನಿಗೆ

ಸಿದ್ಧಾರೂಢಜ್ಜಾ, ನಮ್ಮ ಕಾಕಾ ಇಷ್ಟೊತ್ತಿಗೆ ನಿನ್ನ ಹತ್ತಿರ ಬಂದಿರಬೇಕು. ಸೋಮವಾರ ಸಂಜೆ ನಿನ್ನ ಮಠದ ಭಜನೆಯಲ್ಲಿ ಕಣ್ಣುಮುಚ್ಚಿ ತಾಳ ಹಾಕುತ್ತಿದ್ದವನು, ಮುಖ ನೋಡಿದರೆ ನಿನಗೆ ಗುರುತು ಸಿಕ್ಕೀತು. ಆದರೂ ಅವನ ಬಗ್ಗೆ ನಾನು ನಾಲ್ಕು ಮಾತು ನಿವೇದಿಸಿಕೊಳ್ಳಬೇಕು. ತನ್ನ ವಿಷಯ ತಾನೇ ಹೇಳಿಕೊಳ್ಳುವವನಲ್ಲ ಅವನು. ನೀನು ಕೇಳಿದರೂ ಗವಾಯಿ ಮಲ್ಲಿಕಾರ್ಜುನ ಮನಸೂರರ ಸುದ್ದಿ ತೆಗೆದಾನು.

ಅವನು ಗವಾಯಿ ಆಗಿರಲಿಲ್ಲ, ನಟನೂ ಆಗಿರಲಿಲ್ಲ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಓಣಿಯ ಹುಡುಗರು ಗಣೇಶ ಚೌತಿಗೆ ನಾಟಕ ಆಡುವಾಗ ಅವನ ಪಾಲಿಗೆ ಬರುತ್ತಿದ್ದದ್ದು ಪ್ರಾಂಪ್ಟರನ ಕೆಲಸ. ಸೈಡ್ ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ನಿಲ್ಲುವವನು. ಎಲ್ಲ ಪಾತ್ರಗಳ ಮಾತೂ ಅವನಿಗೆ ಬಾಯಿಪಾಠ, ಅವುಗಳಲ್ಲಿ ಒಂದೂ ಅವನದಲ್ಲ. ರಾಜ ಮಾತು ಮರೆತು ಬೆವರುವಾಗ ಮೊದಲ ಎರಡು ಶಬ್ದ ಪಿಸುಗುಟ್ಟುತ್ತಿದ್ದ. ಮುಂದಿನದನ್ನು ರಾಜ ಗುಡುಗಿದರೆ, ಜನ ‘ವನ್ಸ್ ಮೋರ್’ ಎಂದು ಕೂಗಿದರೆ, ಪರದೆಯ ಹಿಂದೆ ನಿಂತು ಎಲ್ಲರಿಗಿಂತ ಹೆಚ್ಚು ಹಿಗ್ಗುತ್ತಿದ್ದವನು ಅವನೇ. ಇನ್ನೊಬ್ಬರ ಚಪ್ಪಾಳೆಗೆ ಇಷ್ಟು ಹಿಗ್ಗುವ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಅಜ್ಜಾ, ಹಾಡು ಮತ್ತು ನಾಟಕ ನಮ್ಮ ಈ ಸೀಮೆಯಲ್ಲಿ ಒಂದೇ ಮನೆಯಲ್ಲಿ ಬೆಳೆದವು ಎಂಬುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಮನಸೂರರು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದದ್ದು, ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಸವಾಯಿ ಗಂಧರ್ವ ಎನ್ನಿಸಿಕೊಂಡದ್ದು, ಗದುಗಿನಲ್ಲಿ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದು, ಕಂಪನಿ ನಡೆಸಿ, ಅದರ ಗಳಿಕೆಯಿಂದ ಅಂಧ ಮಕ್ಕಳಿಗೆ ಅನ್ನವನ್ನೂ ಹಾಡನ್ನೂ ಕೊಟ್ಟದ್ದು, ಇವೆಲ್ಲ ಕಾಕಾನ ಬಾಯಲ್ಲಿ ಬೀಗರ ಮನೆಯ ಸುದ್ದಿಯ ಹಾಗೆ ಬರುತ್ತಿದ್ದವು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಇದೇ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿ ಹಾಡು ಕಲಿಯಲು ಮನೆ ಬಿಟ್ಟು ಓಡಿಹೋದದ್ದೂ ರೈಲಿನಲ್ಲೇ. “ನಮ್ಮ ಗಾಡಿ ಇರದಿದ್ರ ಇವರ ಕಿರಾಣಾ ಘರಾಣಾ ಎಲ್ಲಿರ್ತಿತ್ತೋ ತಮ್ಮಾ?” ಎಂದು ಅವನು ಎದೆ ಉಬ್ಬಿಸಿ ಕೇಳುತ್ತಿದ್ದ. ಗ್ರೀಸು ಮೆತ್ತಿದ ಆ ಕೈಗಳಿಗೆ ಅಷ್ಟು ಅಭಿಮಾನ ಸಲ್ಲಬೇಕು.

ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತಕ್ಕೆ ಮನೆಯ ಮಕ್ಕಳನ್ನೆಲ್ಲ ಕರೆದೊಯ್ಯುತ್ತಿದ್ದ. ರೊಟ್ಟಿ, ಶೇಂಗಾ ಚಟ್ನಿ, ಒಂದು ಕೌದಿ. ನಿದ್ದೆ ಬಂದವರಿಗೆ ಬೈಯಲಿಲ್ಲ ಎಂದೂ. ಮಲಗಿದವರ ಕಿವಿಗೂ ಸ್ವರ ಬೀಳುತ್ತದೆ ಎನ್ನುತ್ತಿದ್ದ. ನಸುಕಿನಲ್ಲಿ ಭೈರವಿ ಶುರುವಾಗುವಾಗ ಮಾತ್ರ ಒಬ್ಬೊಬ್ಬರನ್ನೇ ತಟ್ಟಿ ಎಬ್ಬಿಸುತ್ತಿದ್ದ. ನನಗೆ ರಾಗಗಳು ಗೊತ್ತಿಲ್ಲ ಅಜ್ಜಾ. ಭೈರವಿ ಗೊತ್ತು.

ಇನ್ನೊಂದು ಮಾತು. ಇದನ್ನು ಹೇಳಲೆಂದೇ ಬಂದೆ. ಕಾಕಾ ಹುಟ್ಟಾ ನಗುಮುಖದವನು ಎಂದು ಊರು ತಿಳಿದಿತ್ತು. ನಾನು ಒಪ್ಪುವುದಿಲ್ಲ. ಅವನ ಮೊದಲ ಮಗಳು ಎಳೆವಯಸ್ಸಿನಲ್ಲೇ ತೀರಿಕೊಂಡಳು. ಆಮೇಲೆ ಆ ಮನೆಯಲ್ಲಿ ಬಹಳ ದಿನ ರೇಡಿಯೋ ಮಾತಾಡಲಿಲ್ಲ. ಕಾಕು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಒಂದು ಮುಂಜಾನೆ ಕಾಕಾ ತಾನೇ ಧಾರವಾಡ ಆಕಾಶವಾಣಿ ಹಚ್ಚಿ, ಅದರ ಜೊತೆ ಶ್ರುತಿ ಬಿಟ್ಟು ಗಟ್ಟಿಯಾಗಿ ಹಾಡುತ್ತ ಚಹಾ ಕುದಿಸಲು ನಿಂತ. ಕಣ್ಣಿಂದ ನೀರು ಸುರಿಯುತ್ತಿತ್ತು, ಹಾಡು ನಿಲ್ಲಿಸಲಿಲ್ಲ. ಕಾಕು ಎದ್ದು ಬಂದು, “ಸ್ವರ ತಪ್ಪಿತು” ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಆಡಿದ ಮೊದಲ ಮಾತು ಅದು. ಅವತ್ತಿನಿಂದ ಅವನ ನಗು ದುಡಿಮೆಯಾಯಿತು. ಪಾಳಿ ತಪ್ಪಿಸದೆ ದಿನಾಲೂ ಮಾಡಿದ. ಉಳಿದ ಮಕ್ಕಳಿಗೆ ಹೆರಳು ಹಾಕುವಾಗ ನಾಟಕದ ಪದ, ಸಂತೆಯ ಚೀಲ ಹೊತ್ತು ಬರುವಾಗ ದುರ್ಯೋಧನನ ಮಾತು. ಕೇಳುವ ಮಕ್ಕಳು ನಕ್ಕು ಬಿದ್ದೇಳುತ್ತಿದ್ದರು. ಆ ದುಡಿಮೆಯ ಲೆಕ್ಕ ಯಾರೂ ಬರೆದಿಟ್ಟಿಲ್ಲ, ನೀನು ಬರೆದುಕೋ.

ಅವನಿಗೆ ಶಾಂತಿ ಕೊಡು ಎಂದು ಬೇಡಲಾರೆ. ಸುಮ್ಮನೆ ಕೂಡುವ ಜಾಯಮಾನ ಅವನದಲ್ಲ. ನಿನ್ನ ಭಜನೆಯ ಮೇಳದಲ್ಲಿ ಒಂದು ಮೂಲೆ ಕೊಡು. ಹಾಡುವವರು ನುಡಿ ಮರೆತರೆ ಮೆಲ್ಲಗೆ ಎತ್ತಿಕೊಡುತ್ತಾನೆ.

ನಮಗೆ ಬೇಡುವುದು ಬೇರೆ ಇದೆ. ಹಾಡುವವರನ್ನು, ಆಡುವವರನ್ನು ಈ ನಾಡಿಗೆ ನೀನು ಧಾರಾಳವಾಗಿ ಕೊಟ್ಟೆ. ಅವರಿಗೆ ಪ್ರಶಸ್ತಿ ಬಂತು, ಹೆಸರಿನಲ್ಲಿ ಟ್ರಸ್ಟು, ಸ್ಮಾರಕ ಆದವು, ಆಗಬೇಕಾದದ್ದೇ. ಅವರ ಎದುರು ಚಾಪೆಯ ಮೇಲೆ ಕೂತು ರಾತ್ರಿ ಬೆಳಗು ಮಾಡಿದ ಫಿಟ್ಟರ್, ನೇಕಾರ, ಮಾಸ್ತರ ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಅವರು ಬಿಟ್ಟ ಚಾಪೆಯ ಮೇಲೆ ನಮ್ಮನ್ನು ಕೂಡಿಸು. ಫೋನಿನಲ್ಲಿ ಆಲಾಪ ಬಂದರೆ ಮುಂದಕ್ಕೆ ಓಡಿಸುವ ಈ ಬೆರಳುಗಳಿಗೆ ಸ್ವಲ್ಪ ತಾಳ್ಮೆ ಕೊಡು.

ಓದುತ್ತಿರುವ ಅಕ್ಕ ಅಣ್ಣಂದಿರೇ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಇಂದಿಗೂ ತಂಬು ಹಾಕುತ್ತವೆ. ದೇವಿಯ ದರ್ಶನ ಮುಗಿಯಿತೆಂದು ಹಾಗೇ ಬಸ್ಸು ಹತ್ತಬೇಡಿ. ಮಕ್ಕಳ ಕೈಹಿಡಿದು ಒಂದು ಆಟದ ಟಿಕೀಟು ತೆಗೆಸಿ, ಕೊನೆಯ ಅಂಕದವರೆಗೆ ಕೂಡಿ.